ಐದು ನಿಮಿಷದಲ್ಲಿ ಸಿಡಿಯಬೇಕಿದ್ದ ಗ್ರಹ

1991ರಲ್ಲಿ ಜಪಾನಿನ ಟಿವಿಯಲ್ಲಿ ಪ್ರಸಾರವಾದ ‘ಡ್ರ್ಯಾಗನ್ ಬಾಲ್ ಝಡ್’ ಅನಿಮೆ (ಜಪಾನಿನ ಕಾರ್ಟೂನ್) ಸರಣಿಯ ಒಂದು ಸಂಚಿಕೆಯಲ್ಲಿ, ಫ್ರೀಜಾ ಎಂಬ ಖಳನು ನಾಮೆಕ್ ಗ್ರಹದ ಒಡಲಿಗೆ ಬೆಂಕಿಯುಂಡೆಯೊಂದನ್ನು ಇಳಿಸಿ, ಇನ್ನು ಐದೇ ನಿಮಿಷಗಳಲ್ಲಿ ಈ ಗ್ರಹ ಸಿಡಿದು ಚೂರಾಗುತ್ತದೆಂದು ನಾಯಕ ಗೋಕುವಿಗೆ ತಿಳಿಸುತ್ತಾನೆ. ಆ ಐದು ನಿಮಿಷ ಮುಗಿಯಲು ಸುಮಾರು ಹತ್ತು ಸಂಚಿಕೆಗಳು ಬೇಕಾದವು. ವಾರಕ್ಕೊಂದು ಸಂಚಿಕೆಯಂತೆ ಲೆಕ್ಕ ಹಾಕಿದರೆ ಎರಡು ತಿಂಗಳ ಮೇಲಾಯಿತು. ಅಷ್ಟರಲ್ಲಿ ಜಪಾನಿನ ಮಕ್ಕಳು ಶಾಲೆಗೆ ಹೋಗಿ ಬಂದರು, ಮನೆಪಾಠ ಬರೆದರು, ಕೆಲವರಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲೂ ಮೊಳೆತಿರಬೇಕು. ನಾಮೆಕ್ ಮಾತ್ರ ಪ್ರತಿವಾರವೂ ‘ಇನ್ನೇನು ಸಿಡಿಯಿತು’ ಎಂಬ ಸ್ಥಿತಿಯಲ್ಲೇ ಉಳಿಯಿತು.

ನಾನು ಇದನ್ನು ನೋಡಿದ್ದು ಹತ್ತು ವರ್ಷ ತಡವಾಗಿ, ಕಾರ್ಟೂನ್ ನೆಟ್‌ವರ್ಕ್‌ನಲ್ಲಿ, ಶಾಲೆಯಿಂದ ಬಂದು ಕೈಕಾಲು ತೊಳೆಯುವ ಮೊದಲೇ. ಪಕ್ಕದ ಆರಾಮಕುರ್ಚಿಯಲ್ಲಿ ಅಜ್ಜ ಕೂತಿರುತ್ತಿದ್ದರು. ಗೋಕು ಮುಷ್ಟಿ ಬಿಗಿಹಿಡಿದು, ಕಾಲಗಲಿಸಿ ನಿಂತು, ಒಂದೇ ಸಮನೆ ಕಿರುಚುತ್ತಿದ್ದುದನ್ನು ನಾಲ್ಕು ದಿನ ತಾಳ್ಮೆಯಿಂದ ನೋಡಿದ ಅಜ್ಜ ಐದನೆಯ ದಿನ, “ಇವ ಹೊಡೆಯುದು ಯಾವಾಗ ಮಾಣಿ?” ಎಂದು ಕೇಳಿದರು. ಯಕ್ಷಗಾನದ ‘ಕರ್ಣಾರ್ಜುನ ಕಾಳಗ’ ಪ್ರಸಂಗದಲ್ಲಿ ಅರ್ಥಗಾರಿಕೆ ಮುಗಿದು ಬಾಣ ಬಿಡುವ ಹೊತ್ತಿಗೆ ಮೂಡಣ ಕೆಂಪಾಗುವುದನ್ನು ಎಷ್ಟೋ ಸಲ ಕಣ್ಣಾರೆ ಕಂಡಿದ್ದ ಮನುಷ್ಯ ಹೀಗೆ ಕೇಳಿದ್ದು ನನಗೆ ಆಗ ಅನ್ಯಾಯವೆನಿಸಿತ್ತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಅನಿಮೆಯ ಹೊಡೆದಾಟಗಳಲ್ಲಿ ಅತ್ಯಂತ ಕಡಿಮೆ ಸಿಗುವ ಪದಾರ್ಥವೆಂದರೆ ಹೊಡೆತ. ಉಳಿದದ್ದೆಲ್ಲ ಧಾರಾಳವಾಗಿ ದೊರೆಯುತ್ತದೆ: ಎಲ್ಲಿಂದಲೋ ಬೀಸುವ ಗಾಳಿ, ಯಾರೂ ಮುಟ್ಟದಿದ್ದರೂ ನೆಲದಿಂದ ಮೇಲೇಳುವ ಕಲ್ಲುಗಳು, ಕಣ್ಣುಗಳು ಮಾತ್ರ ಕಾಣುವ ಚಿತ್ರ, ಮತ್ತೆ ಎದುರಾಳಿಯ ಕಣ್ಣುಗಳು ಮಾತ್ರ ಕಾಣುವ ಚಿತ್ರ.

ಈ ನಿಂತ ನಿಲುವಿನ ಮೂಲ ದುಡ್ಡಿನಲ್ಲಿದೆ. 1963ರ ಜನವರಿ 1ರಂದು ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ ವಾರದ ಅರ್ಧ ಗಂಟೆಯ ಸರಣಿಯಾಗಿ ಶುರುವಾದಾಗ, ಅವರ ಕೈಯಲ್ಲಿ ಹಣವೂ ಇರಲಿಲ್ಲ, ಸಮಯವೂ ಇರಲಿಲ್ಲ. ಪರದೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟುಗಳು ಓಡಬೇಕು. ಒಂದೊಂದು ಚಿತ್ರವನ್ನು ಮೂರು ಚೌಕಟ್ಟುಗಳಷ್ಟು ಹೊತ್ತು ನಿಲ್ಲಿಸಿದರೆ ಎಂಟೇ ಚಿತ್ರಗಳಲ್ಲಿ ಕೆಲಸ ಆಗುತ್ತದೆ. ದೇಹವನ್ನು ನಿಲ್ಲಿಸಿ ಬಾಯಿಯನ್ನು ಮಾತ್ರ ಆಡಿಸಿದರೆ ಇನ್ನೂ ಅಗ್ಗ. ನಿಂತ ಚಿತ್ರದ ಮೇಲೆ ಕ್ಯಾಮೆರಾವನ್ನೇ ಸರಿಸಿದರೆ ಎಲ್ಲಕ್ಕಿಂತ ಅಗ್ಗ. ಬರೆದಿಟ್ಟ ಚಿತ್ರಗಳನ್ನು ಎಸೆಯದೆ ಬೇರೆ ಸಂಚಿಕೆಯಲ್ಲಿ ಮತ್ತೆ ಬಳಸುವ ಪದ್ಧತಿಯೂ ಅಲ್ಲಿ ಬೆಳೆಯಿತು. ಇಬ್ಬರು ವೀರರು ಪರಸ್ಪರ ದಿಟ್ಟಿಸುತ್ತ ನಿಂತ ದೃಶ್ಯ ನಮಗೆ ರೋಮಾಂಚನ ತರುತ್ತದೆ. ನಿರ್ಮಾಪಕರಿಗೆ ಅದು ಉಳಿತಾಯ ತರುತ್ತದೆ.

ದುಡ್ಡಿನ ಜೊತೆಗೆ ಇನ್ನೊಂದು ಸಂಕಟವಿತ್ತು. ಇಂಥ ಸರಣಿಗಳಲ್ಲಿ ಬಹುಪಾಲು ವಾರಪತ್ರಿಕೆಗಳಲ್ಲಿ ಬರುವ ಮಂಗಾಗಳನ್ನು ಆಧರಿಸಿರುತ್ತವೆ. (ಚಿತ್ರಕಥೆಗೆ ಜಪಾನೀಯರು ಹೇಳುವ ಮಾತು ಮಂಗಾ, ಓದುವಾಗ ದೀರ್ಘವನ್ನು ಮರೆಯಬಾರದು. ಗೋಕುವಿನ ವಿಷಯದಲ್ಲಿ ಮರೆತರೂ ತಪ್ಪಿಲ್ಲ, ಏಕೆಂದರೆ ಅವನ ಹೆಸರು ಬಂದದ್ದು ಚೀನೀ ಪುರಾಣಕಥೆಯ ವಾನರ ವೀರನಿಂದ, ಮತ್ತು ಚಿಕ್ಕವನಿದ್ದಾಗ ಅವನಿಗೆ ಬಾಲವೂ ಇತ್ತು.) ಮಂಗಾ ಬರೆಯುವವನು ವಾರಕ್ಕೆ ಹದಿನೈದಿಪ್ಪತ್ತು ಪುಟ ಬರೆದರೆ ಟಿವಿ ಅದನ್ನು ಅದಕ್ಕಿಂತ ವೇಗವಾಗಿ ನುಂಗುತ್ತದೆ, ಕೊನೆಗೆ ಕಥೆಯ ಬಾಲಕ್ಕೇ ಬಂದು ನಿಲ್ಲುತ್ತದೆ. ಆಗ ಇರುವ ದಾರಿಗಳು ಎರಡೇ: ಮೂಲದಲ್ಲಿಲ್ಲದ ಉಪಕಥೆ ಹೊಸೆಯುವುದು, ಇಲ್ಲವೇ ಗೋಕುವನ್ನು ಇನ್ನೂ ಸ್ವಲ್ಪ ಹೊತ್ತು ಕಿರುಚಿಸುವುದು. 1999ರಿಂದ ಓಡುತ್ತಿರುವ ‘ವನ್ ಪೀಸ್’ನಲ್ಲಂತೂ ಮಂಗಾದ ಒಂದು ಅಧ್ಯಾಯವನ್ನೂ ಪೂರ್ತಿ ಮುಗಿಸದ ಸಂಚಿಕೆಗಳು ಎಷ್ಟೋ ಇವೆ. ಸಾಂಬಾರಿಗೆ ನೀರು ಬೆರೆಸುವುದನ್ನು ಹಾಸ್ಟೆಲಿನಲ್ಲಿ ಇದ್ದವರೆಲ್ಲ ಬಲ್ಲರು. ಇದು ಅದೇ ವಿದ್ಯೆ.

ಗೋಕುವಿನ ಕಪ್ಪು ಕೂದಲು ಸೆಟೆದು ಬಂಗಾರವಾಗುವ ಪ್ರಸಿದ್ಧ ರೂಪಾಂತರಕ್ಕೂ ಇಂಥದ್ದೇ ಹಿನ್ನೆಲೆಯಿದೆ. ಪ್ರತಿ ಚಿತ್ರದಲ್ಲೂ ಅವನ ಕೂದಲಿಗೆ ಕಪ್ಪು ಶಾಯಿ ತುಂಬುವುದರಲ್ಲೇ ಸಹಾಯಕನ ಸಮಯವೆಲ್ಲ ಹೋಗುತ್ತಿತ್ತು, ಅದನ್ನು ಖಾಲಿ ಬಿಟ್ಟರೆ ಕೆಲಸ ಹಗುರವಾಗುತ್ತಿತ್ತು ಎಂದು ಮಂಗಾಕಾರ ಅಕಿರಾ ತೊರಿಯಾಮಾ ಅವರೇ ಹೇಳಿಕೊಂಡಿದ್ದಾರೆ. ಮಂಗಾದಲ್ಲಿ ಬಣ್ಣವಿಲ್ಲದೆ ಬಿಟ್ಟ ಕೂದಲು ಟಿವಿಗೆ ಬಂದಾಗ ಬಂಗಾರವಾಯಿತು. ಲೋಕವನ್ನೇ ನಡುಗಿಸಿದ ಆ ದಿವ್ಯರೂಪದ ಹಿಂದೆ ಒಬ್ಬ ಸಹಾಯಕನ ಬೆರಳುನೋವು ಇತ್ತೆಂದು ತಿಳಿದ ದಿನ ತೊರಿಯಾಮಾ ಅವರ ಮೇಲಿನ ನನ್ನ ಗೌರವ ಇಮ್ಮಡಿಯಾಯಿತು. ಉತ್ಪ್ರೇಕ್ಷೆಯ ಲೆಕ್ಕದಲ್ಲಿ ಭಾಷಾಂತರಕಾರರೂ ಹಿಂದೆ ಬೀಳಲಿಲ್ಲ. ಗೋಕುವಿನ ಶಕ್ತಿ ಅಳೆಯುವ ಯಂತ್ರವನ್ನು ನೋಡಿ ಅವನ ಎದುರಾಳಿ ವೆಜಿಟಾ ಜಪಾನಿ ಭಾಷೆಯಲ್ಲಿ ‘ಎಂಟು ಸಾವಿರದ ಮೇಲೆ’ ಎಂದು ಉದ್ಗರಿಸಿದ್ದು ಇಂಗ್ಲಿಷಿಗೆ ಬಂದಾಗ ‘ಒಂಬತ್ತು ಸಾವಿರದ ಮೇಲೆ’ ಆಯಿತು, ಮತ್ತು ಜಗತ್ತು ನೆನಪಿಟ್ಟುಕೊಂಡದ್ದು ಆ ಹೆಚ್ಚುವರಿ ಸಾವಿರವನ್ನೇ.

ಇನ್ನು ಹೊಡೆಯುವ ಮೊದಲು ಹೊಡೆತದ ಹೆಸರನ್ನು ಕೂಗಿ ಹೇಳುವ ಸಂಪ್ರದಾಯ. ಯುದ್ಧನೀತಿಯ ದೃಷ್ಟಿಯಿಂದ ಇದಕ್ಕಿಂತ ಮೂರ್ಖತನ ಬೇರೆ ಇಲ್ಲ. ಚೆಸ್ ಆಡುವವನು ಮುಂದಿನ ನಾಲ್ಕು ನಡೆಗಳನ್ನು ಎದುರಾಳಿಗೆ ಓದಿ ಹೇಳಿದಂತೆ. ಆದರೆ 1972ರ ‘ಮಜಿಂಗರ್ ಝಡ್’ನಲ್ಲಿ ದೈತ್ಯ ಯಂತ್ರಮಾನವನೊಳಗೆ ಕೂತ ಹುಡುಗ ‘ರಾಕೆಟ್ ಪಂಚ್!’ ಎಂದು ಕೂಗಿ, ಅದರ ಮುಂಗೈ ಕಳಚಿ ಹಾರಿದ ಮೇಲೆ, ಕೂಗದೆ ಹೊಡೆಯುವುದು ಜಪಾನಿನ ಮಕ್ಕಳಿಗೆ ಸಪ್ಪೆಯಾಗಿ ಕಂಡಿರಬೇಕು. ಎರಡು ವರ್ಷಗಳೊಳಗೆ ಅದೇ ಯಂತ್ರಮಾನವನ ಲೋಹದ ಆಟಿಕೆಯೂ ಅಂಗಡಿಗೆ ಬಂತು. ಆಟಿಕೆ ಕೈಗೆ ಬಂದ ಮಗುವಿಗೆ ಕೂಗಲು ಒಂದು ಹೆಸರು ಬೇಕಲ್ಲವೇ? ಇದರ ಬೇರು ಇನ್ನೂ ಆಳದಲ್ಲಿದೆ. ರಣರಂಗದಲ್ಲಿ ಕತ್ತಿ ಎತ್ತುವ ಮೊದಲು ತನ್ನ ಹೆಸರು, ಕುಲ, ಪೂರ್ವಜರ ಸಾಹಸಗಳನ್ನು ಸಾರುವ ಸಮುರಾಯಿಗಳು ಜಪಾನಿನ ಹಳೆಯ ಯುದ್ಧಕಥನಗಳಲ್ಲಿ ತುಂಬಿದ್ದಾರೆ. ಕಬುಕಿ ರಂಗಭೂಮಿಯಲ್ಲಿ ನಟನು ಕಥೆಯ ತುತ್ತತುದಿಯಲ್ಲಿ ಕಣ್ಣು ಮೆಳ್ಳೆ ಮಾಡಿ ಕಲ್ಲಿನಂತೆ ನಿಂತಾಗ, ಬದಿಯಲ್ಲಿ ಕೂತವನು ಮರದ ತುಂಡುಗಳನ್ನು ಹಲಗೆಗೆ ಬಡಿದು ಆ ನಿಲುವನ್ನು ಘೋಷಿಸುತ್ತಾನೆ. ಆ ನಿಲುವಿಗೆ ‘ಮಿಯೆ’ ಎಂದು ಹೆಸರು. ಗೋಕು ನಿಂತದ್ದು ಬಡತನದಿಂದ ನಿಜ, ಆದರೆ ನಿಂತವನನ್ನು ಕಣ್ಣರಳಿಸಿ ನೋಡುವ ಅಭ್ಯಾಸ ಅಲ್ಲಿನ ಜನಕ್ಕೆ ಮೊದಲೇ ಇತ್ತು.

ಕೂಗುವ ಚಟ ಎಲ್ಲಿಗೆ ಮುಟ್ಟಿತೆಂಬುದಕ್ಕೆ ನನ್ನ ನೆಚ್ಚಿನ ಉದಾಹರಣೆ ‘ಜೋಜೋ’ ಸರಣಿಯ ಖಳ ಡಿಯೋ. ಕೈರೋ ನಗರದ ಕೊನೆಯ ಕಾಳಗದಲ್ಲಿ ಇವನು ಕಾಲವನ್ನೇ ನಿಲ್ಲಿಸಬಲ್ಲ, ಹೆಚ್ಚೆಂದರೆ ಒಂಬತ್ತು ಸೆಕೆಂಡು. ಆ ಒಂಬತ್ತು ಸೆಕೆಂಡುಗಳಲ್ಲಿ ಸದ್ದಿಲ್ಲದೆ ಹೋಗಿ ಎದುರಾಳಿಯ ಕತ್ತು ಮುರಿಯುವುದನ್ನು ಬಿಟ್ಟು ಅವನು ಮಾತಾಡುತ್ತಾನೆ, ಎಷ್ಟು ಸೆಕೆಂಡು ಕಳೆಯಿತೆಂದು ಎಣಿಸುತ್ತಾನೆ, ಎಲ್ಲಿಂದಲೋ ಒಂದು ರೋಡ್ ರೋಲರ್ ತರುತ್ತಾನೆ ಮತ್ತು ಆಕಾಶದಿಂದ ಅದನ್ನು ಕೆಡವುವಾಗ ‘ರೋಡ್ ರೋಲರ್!’ ಎಂದು ಕೂಗುತ್ತಾನೆ. ತಲೆಯ ಮೇಲೆ ಬೀಳುತ್ತಿರುವುದು ರೋಡ್ ರೋಲರ್ ಎಂದು ಕೆಳಗಿದ್ದವನಿಗೆ ತಿಳಿಯದೇ ಹೋದೀತೆಂಬ ಕಾಳಜಿ ಅದು.

ಸಣ್ಣಪುಟ್ಟ ಪವಾಡಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ವನ್ ಪೀಸ್’ನ ಝೋರೋ ಮೂರು ಕತ್ತಿಗಳಲ್ಲಿ ಹೋರಾಡುತ್ತಾನೆ, ಮೂರನೆಯದನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಸ್ಪಷ್ಟ ಉಚ್ಚಾರದಲ್ಲಿ ಭಾಷಣ ಮಾಡುತ್ತಾನೆ, ನನಗೆ ಬಾಯಲ್ಲಿ ಕವಳ ಇದ್ದರೆ ಫೋನ್ ಎತ್ತಲಾಗುವುದಿಲ್ಲ. ‘ನರುಟೋ’ದ ರಾಕ್ ಲೀ ತನ್ನ ಏಟು ಒಂದೂ ತಾಗುತ್ತಿಲ್ಲವೆಂದು ಖಾತ್ರಿಯಾಗುವವರೆಗೂ ಕಾಲಿಗೆ ಕಟ್ಟಿಕೊಂಡ ಭಾರಗಳನ್ನು ಬಿಚ್ಚುವುದಿಲ್ಲ, ಬಿಚ್ಚಿ ಕೆಳಗೆ ಹಾಕಿದಾಗ ನೆಲ ಬಿರಿಯುತ್ತದೆ, ಗುರುಗಳ ಮುಖದಲ್ಲಿ ಹೆಮ್ಮೆ ಮೂಡುತ್ತದೆ, ಮೊದಲೇ ಬಿಚ್ಚಬಾರದಿತ್ತೇ ಎಂದು ಯಾರೂ ಕೇಳುವುದಿಲ್ಲ. ದೊಡ್ಡ ಸ್ಫೋಟವಾಗಿ ಧೂಳೆದ್ದಾಗ ‘ಮುಗಿಸಿದೆವೇ?’ ಎಂದು ಯಾರಾದರೂ ಉಸುರಿದರೆ ಧೂಳಿನೊಳಗಿನವನಿಗೆ ಗೀರೂ ಬಿದ್ದಿಲ್ಲವೆಂದೇ ಅರ್ಥ. 1992ರ ‘ಸೈಲರ್ ಮೂನ್’ನಲ್ಲಿ ನಾಯಕಿ ರಿಬ್ಬನ್ನು, ಬೆಳಕು, ಸಂಗೀತಗಳ ನಡುವೆ ತಿರುಗುತ್ತ ವೇಷ ಬದಲಿಸುವಷ್ಟು ಹೊತ್ತೂ ರಾಕ್ಷಸರು ಮರ್ಯಾದೆಯಿಂದ ಕಾಯುತ್ತಾರೆ. ಒಮ್ಮೆ ಚಂದವಾಗಿ ಬರೆದ ಆ ದೃಶ್ಯವನ್ನು ಮತ್ತೆ ಮತ್ತೆ ಬಳಸುವುದರಿಂದ ಸಂಚಿಕೆಯ ಅಷ್ಟು ಭಾಗದ ಖರ್ಚು ಉಳಿಯುತ್ತದೆಂಬುದು ರಾಕ್ಷಸರಿಗೂ ಗೊತ್ತಿರಬೇಕು.

ಹೊಡೆದಾಟದ ಅಂಚಿನಲ್ಲಿ ನಿಂತು ಬೆವರುವವರದ್ದು ಬೇರೆಯೇ ಜಾತಿ. ಅವರ ಕೆಲಸ ವೀಕ್ಷಕ ವಿವರಣೆ. ನಾಯಕನು ಕೈ ಎತ್ತಿದರೆ, ‘ಅವನು ಕೈ ಎತ್ತಿದನು! ಅಂದರೆ ಆ ವಿದ್ಯೆಯನ್ನು ಪ್ರಯೋಗಿಸಲಿದ್ದಾನೆಯೇ?’ ಎನ್ನುತ್ತ ಕೆನ್ನೆಯ ಮೇಲೆ ಒಂದು ಹನಿ ಬೆವರು ಇಳಿಸುತ್ತಾರೆ. ಹಿಮದ ನಡುವೆಯೂ ಆ ಹನಿ ಇಳಿಯುತ್ತದೆ. ಇದನ್ನು ನೋಡಿ ನಗುವ ಹಕ್ಕು ಕನ್ನಡಿಗರಿಗೆ ಎಷ್ಟಿದೆಯೋ ತಿಳಿಯದು; ಭೀಮನ ಗರ್ಜನೆ ಕೇಳಿ ಸರೋವರದ ನೀರಿನೊಳಗೇ ಬೆವರಿದ ದುರ್ಯೋಧನನನ್ನು ರನ್ನ ನಮಗೆ ಸಾವಿರ ವರ್ಷಗಳ ಹಿಂದೆಯೇ ತೋರಿಸಿದ್ದಾನೆ, ನಾವು ಅದನ್ನು ಪರೀಕ್ಷೆಗೆ ಬರೆದು ಅಂಕ ಪಡೆದಿದ್ದೇವೆ.

ಬಡತನವನ್ನೇ ಸೊಗಸು ಮಾಡಿಕೊಂಡವರಲ್ಲಿ ನನಗೆ ಬಹಳ ಇಷ್ಟವಾದವರು ಚಿತ್ರಕಾರ ಯೋಶಿನೋರಿ ಕನದಾ. ಇಂಗ್ಲಿಷಿನಲ್ಲಿ ಬರೆದಾಗ ಒಂದು ‘ಎನ್’ ಕಡಿಮೆಯಾದ ನಮ್ಮ ನುಡಿಯ ಹೆಸರೇ ಅದು, ಹಾಗಾಗಿ ಮೊದಲ ಸಲ ‘ಕನದಾ ಶೈಲಿ’ ಎಂಬ ಮಾತನ್ನು ಓದಿದಾಗ ನಾನು ಅನಗತ್ಯವಾಗಿ ಹೆಮ್ಮೆಪಟ್ಟಿದ್ದೆ. ಚಿತ್ರಗಳ ಸಂಖ್ಯೆ ಕಡಿಮೆಯಿದ್ದರೆ ನಡುವಿನ ಚಲನೆಯನ್ನು ನಯವಾಗಿಸಲು ಹೆಣಗುವ ಬದಲು ಅವರು ಕೆಲವನ್ನು ಬೇಕೆಂದೇ ಹಾರಿಸಿಬಿಟ್ಟರು. ಮುಷ್ಟಿಯನ್ನು ದೇಹಕ್ಕಿಂತ ದೊಡ್ಡದಾಗಿ ನಮ್ಮ ಮುಖದ ಮುಂದೆ ತಂದರು. ಮಂಡಿ, ಮೊಣಕೈಗಳನ್ನು ಯಾವ ಮೂಳೆತಜ್ಞನೂ ಒಪ್ಪದ ಕೋನಗಳಲ್ಲಿ ಬಾಗಿಸಿದರು. 1983ರ ಒಂದು ಚಲನಚಿತ್ರಕ್ಕಾಗಿ ಬೆಂಕಿಯನ್ನು ಡ್ರ್ಯಾಗನ್ನಿನಂತೆ ಹರಿಸಿದರು. ಅವರು ತೀರಿಕೊಂಡದ್ದು 2009ರಲ್ಲಿ. ಇಂದಿಗೂ ಅನಿಮೆಯ ವೀರನೊಬ್ಬ ಅಸಾಧ್ಯವಾಗಿ ಮೈತಿರುಚಿ ಕತ್ತಿ ಎತ್ತಿದರೆ ಅಲ್ಲಿ ಕನದಾ ಅವರ ಕೈ ಕಾಣುತ್ತದೆ.

ಇಷ್ಟು ಬರೆದ ಮೇಲೆ, ಈಗ ದುಡ್ಡು ಬಂದಿದೆಯಲ್ಲ, ಇನ್ನಾದರೂ ಬೇಗ ಹೊಡೆಯಬಹುದಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಬಂದಾಗ ಅಕ್ಕನ ಮಗನ ಒತ್ತಾಯಕ್ಕೆ ಬೆಂಗಳೂರಿನ ಚಿತ್ರಮಂದಿರವೊಂದಕ್ಕೆ ಹೋಗಿದ್ದೆ. 155 ನಿಮಿಷಗಳ ಸಿನಿಮಾ. ಚಿತ್ರಿಕೆಯಲ್ಲಿ ಎಲ್ಲಿಯೂ ಕೈಬಿಗಿ ಕಾಣುವುದಿಲ್ಲ. ಕತ್ತಿಗಳಿಂದ ನೀರೂ ಬೆಂಕಿಯೂ ಹೊಳೆಯಂತೆ ಹರಿಯುತ್ತವೆ. ಮಂಗಾ 2020ರಲ್ಲೇ ಮುಗಿದಿರುವುದರಿಂದ ಕಥೆಯ ಬಾಲ ತಾಗುವ ಭಯವೂ ಇಲ್ಲ. ಆದರೂ (ನೋಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು) ಅಕಾಝಾ ಎಂಬ ರಾಕ್ಷಸನ ತಲೆ ಹಾರಿದ ಮೇಲೆ ಅವನು ಬೀಳುವುದಿಲ್ಲ; ಮುಂಡ ನಿಂತೇ ಇರುತ್ತದೆ, ಮತ್ತು ಅವನು ಮನುಷ್ಯನಾಗಿದ್ದಾಗಿನ ಇಡೀ ಬದುಕು, ರೋಗಿ ತಂದೆ, ಔಷಧಿಗಾಗಿ ಮಾಡಿದ ಕಳವು, ಕೈಹಿಡಿದು ನಡೆಸಿದ ಗುರು, ಮದುವೆಯಾಗಬೇಕಿದ್ದ ಹುಡುಗಿ, ವಿಷ ಬೆರೆತ ಬಾವಿ, ಎಲ್ಲವೂ ಸಾವಕಾಶವಾಗಿ ಬಿಚ್ಚಿಕೊಳ್ಳುತ್ತದೆ. ರನ್ನನಾಗಿದ್ದರೆ ಇದನ್ನು ಸಿಂಹಾವಲೋಕನ ಕ್ರಮ ಎನ್ನುತ್ತಿದ್ದ. ಅವನೂ ಗದೆಗಳು ತಾಗುವ ಮುನ್ನ ಇಡೀ ಭಾರತವನ್ನು ಹಿಂದಿರುಗಿ ನೋಡಿದವನೇ. ನಾನು ನಗಲು ಸಿದ್ಧನಾಗಿ ಪಕ್ಕಕ್ಕೆ ತಿರುಗಿದೆ. ಅಕ್ಕನ ಮಗ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಎಳೆದುಕೊಂಡರು. ಅಷ್ಟು ಹೊತ್ತಿನ ಕತ್ತಿವರಸೆಗೆ ಸುಮ್ಮನೆ ಕೂತಿದ್ದ ಜನ, ಎಲ್ಲವೂ ನಿಂತು ಹಿಂದಕ್ಕೆ ಹೋದಾಗಲೇ ಮೆತ್ತಗಾಗಿದ್ದರು. ಉಳಿತಾಯಕ್ಕಾಗಿ ಹುಟ್ಟಿದ ನಿಲುಗಡೆಯನ್ನು ಈಗ ಖರ್ಚು ಮಾಡಿ ತಯಾರಿಸುತ್ತಾರೆ, ಮತ್ತು ನಾವು ಟಿಕೆಟ್ಟು ಕೊಂಡು ಅದಕ್ಕಾಗಿಯೇ ಹೋಗುತ್ತೇವೆ.

ಈ ಎಲ್ಲ ರೂಢಿಗಳನ್ನು ಒಮ್ಮೆಗೇ ಲೇವಡಿ ಮಾಡಿದ ಕೃತಿಯೊಂದಿದೆ, ‘ವನ್ ಪಂಚ್ ಮ್ಯಾನ್’. 2009ರಲ್ಲಿ ಇಂಟರ್ನೆಟ್ಟಿನಲ್ಲಿ ಶುರುವಾದ ಒರಟು ಗೆರೆಗಳ ಮಂಗಾ, 2015ರಲ್ಲಿ ಅನಿಮೆಯಾಯಿತು. ಅದರ ನಾಯಕ ಸೈತಾಮಾ ಎಂಥ ಎದುರಾಳಿಯನ್ನೂ ಒಂದೇ ಗುದ್ದಿಗೆ ಮುಗಿಸುತ್ತಾನೆ. ತೊರಿಯಾಮಾ ಕೂದಲಿನ ಶಾಯಿಯನ್ನಷ್ಟೇ ಉಳಿಸಿದರೆ, ಇವನಿಗೆ ಕೂದಲೇ ಇಲ್ಲ, ಬೋಳುತಲೆ. ಶಿಷ್ಯನಾಗಲು ಬಂದ ಹುಡುಗ ತನ್ನ ದುಃಖದ ಪೂರ್ವಕಥೆಯನ್ನು ಉದ್ದಕ್ಕೆ ಹೇಳತೊಡಗಿದಾಗ ಸೈತಾಮಾ ತಾಳ್ಮೆಗೆಟ್ಟು ‘ಇಪ್ಪತ್ತು ಪದಗಳಲ್ಲಿ ಮುಗಿಸು’ ಎನ್ನುತ್ತಾನೆ. ಅಜ್ಜ ಇದ್ದಿದ್ದರೆ ಅವನಿಗೆ ಕುರ್ಚಿ ಬಿಟ್ಟುಕೊಡುತ್ತಿದ್ದರು. ತಮಾಷೆಯೆಂದರೆ ಈ ಸೈತಾಮಾ ಸುಖಿಯಲ್ಲ. ಪ್ರತಿ ಸಲವೂ ಗುದ್ದಿದ ಮೇಲೆ ತನ್ನ ಮುಷ್ಟಿಯನ್ನು ತಾನೇ ನೋಡಿಕೊಂಡು ಸಪ್ಪಗಾಗುತ್ತಾನೆ. ಎದೆ ಹೊಡೆದುಕೊಳ್ಳುವಂಥ, ಸೋಲುವ ಭಯವಿರುವಂಥ ಒಂದು ಉದ್ದನೆಯ ಕಾಳಗ ಅವನಿಗೆ ಬೇಕು, ಅದು ಸಿಗುವುದಿಲ್ಲ.

ಒಂದು ಕಾಳಗದಲ್ಲಿ ಮಾತ್ರ ಅವನು ಉಳಿದ ನಾಯಕರಂತೆ ಗಂಟಲು ಹರಿಯುವ ಹಾಗೆ ಕಿರುಚುತ್ತಾನೆ. ಎದುರಿಗಿದ್ದ ಜೀರುಂಡೆರೂಪದ ರಾಕ್ಷಸ ಉಗ್ರಾವತಾರ ತಾಳಿ, ತನ್ನ ಈ ಆರ್ಭಟ ಒಂದು ವಾರ, ಅಂದರೆ ಮುಂದಿನ ಶನಿವಾರದವರೆಗೂ ನಿಲ್ಲುವುದಿಲ್ಲವೆಂದು ಘೋಷಿಸುತ್ತಾನೆ. ಸೈತಾಮಾ ಸ್ತಂಭೀಭೂತನಾಗುತ್ತಾನೆ, ಮುಖ ಬಿಳಚಿಕೊಳ್ಳುತ್ತದೆ, ಬಾಯಿಂದ ಚೀತ್ಕಾರ ಹೊರಡುತ್ತದೆ. ಒಂದು ವಾರ ಕಳೆದರೆ ಶನಿವಾರ ಎಂದ ಮೇಲೆ ಈ ಹೊತ್ತೂ ಶನಿವಾರವೇ. ಸೂಪರ್ ಮಾರ್ಕೆಟ್ಟಿನಲ್ಲಿ ರಿಯಾಯಿತಿ ಮಾರಾಟದ ದಿನ. ರಾಕ್ಷಸನನ್ನು ಒಂದೇ ಏಟಿಗೆ ಚಿಂದಿ ಮಾಡಿ, ಈಗ ಹೊರಟರೂ ಸಾಮಾನು ಸಿಗಬಹುದೇ ಎಂಬ ಆತಂಕದಲ್ಲಿ ಅವನು ಅಂಗಡಿಯ ಕಡೆ ಮುಖ ಮಾಡುತ್ತಾನೆ.