7200ರ ಆಸೆ ಬಿಡಿ

'ಅಗ್ಗದ ಲ್ಯಾಪ್‌ಟಾಪಿಗೂ 7200 ಆರ್‌ಪಿಎಂ ಹಾರ್ಡ್ ಡಿಸ್ಕೇ ಇರಲಿ' ಅಂದಿದ್ದೀರಿ, ಒಪ್ಪಲಾರೆ. ಆರ್‌ಪಿಎಂ ಅಂದ್ರೆ ಡಿಸ್ಕಿನೊಳಗಿನ ತಟ್ಟೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅನ್ನೋ ಲೆಕ್ಕ. ಡೇಟಾ ಇರೋ ಜಾಗ ಅದನ್ನು ಓದುವ ಹೆಡ್ ಕೆಳಗೆ ಬರಲು ತಟ್ಟೆ ಸರಾಸರಿ ಅರ್ಧ ಸುತ್ತು ತಿರುಗಬೇಕು: 5400ರಲ್ಲಿ 5.6 ಮಿಲಿಸೆಕೆಂಡ್, 7200ರಲ್ಲಿ 4.2. ಉಳಿತಾಯ ಒಂದೂವರೆ ಮಿಲಿಸೆಕೆಂಡೂ ಇಲ್ಲ! ವಿಂಡೋಸ್ ಶುರುವಾಗುವಾಗ ಓದೋದು ಸಾವಿರಾರು ಚಿಲ್ಲರೆ ಫೈಲು. ಅಲ್ಲಿ ಎರಡಕ್ಕೂ ಏದುಸಿರು, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100%ಕ್ಕೆ ಅಂಟಿಕೊಂಡೇ ಇರುತ್ತೆ. ನಮ್ಮ ದಾವಣಗೆರೆ ಬೇಸಿಗೆಗೆ 7200ರ ಬಿಸಿ ಬೇರೆ ಕೇಡು. ಅದರ ಬದಲು 256 ಜಿಬಿ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯೇ ಇಲ್ಲದ, ಚಿಪ್ಪಿನಲ್ಲಿ ಡೇಟಾ ಇಡುವ ಡ್ರೈವ್) ಹಾಕಿಸಿ, ಅದೇ 2.5 ಇಂಚಿನ ಗೂಡಿಗೆ ಕೂರುತ್ತೆ. ಗೂಡು 9.5 ಮಿ.ಮೀ. ಇದ್ದು ಎಸ್‌ಎಸ್‌ಡಿ 7 ಮಿ.ಮೀ. ಆದರೆ ಮಾತ್ರ ತೆಳು ಫ್ರೇಮು ಕೊಡಿಸಿಕೊಳ್ಳಿ, ಇಲ್ಲಾಂದ್ರೆ ಅಲ್ಲಾಡಿ ಕನೆಕ್ಟರ್ ಸಡಿಲವಾಗುತ್ತೆ. ತೆಗೆದ ಹಾರ್ಡ್ ಡಿಸ್ಕನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಯುಎಸ್‌ಬಿ ಕೇಸಿಗೆ ಹಾಕಿದರೆ ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಬ್ಯಾಕಪ್ಪಿಗೆ ಆಗುತ್ತೆ.