ತುರಿಕೆಯ ತನಿಖೆ

ಆರಿದ್ರಾ ಮಳೆ ಹಿಡಿದು ಧಾರವಾಡದ ಓಣಿಗಳು ಒಣಗುವುದನ್ನೇ ಮರೆತಿರುವ ದಿನಗಳಲ್ಲಿ, ಮನೆಯವರೆಲ್ಲ ಒಳಗೇ ಕುಳಿತಿರುವುದರಿಂದ, ಸಾಕುನಾಯಿ ಕೆರೆದುಕೊಳ್ಳುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ನಡುರಾತ್ರಿ ಅದರ ಹಿಂಗಾಲು ನೆಲಕ್ಕೆ ಬಡಿಯುವ ಟಪಟಪ ಸದ್ದು ಕಿವಿಗೂ ಬೀಳುತ್ತದೆ. ಬೆಳಗಾಗುವಷ್ಟರಲ್ಲಿ ಸಲಹೆಗಳು ಸುರುವಾಗುತ್ತವೆ. ಮನುಷ್ಯರ ಎದೆನೋವಿಗೆ ಔಷಧ ಹೇಳಲು ಅಂಜುವವರೂ ನಾಯಿಯ ಚರ್ಮದ ವಿಷಯದಲ್ಲಿ ಪಂಡಿತರೇ. ಒಬ್ಬರು ಬೇವಿನೆಣ್ಣೆ ಎಂದರೆ ಇನ್ನೊಬ್ಬರು ಗಂಧಕ ಎನ್ನುತ್ತಾರೆ; ಪಕ್ಕದ ಮನೆಯ ಕಾಕಾ ಮಾತ್ರ, "ಗ್ಯಾರೇಜಿನ್ಯಾಗ ಸುಟ್ಟ ಎಣ್ಣಿ ಸಿಗತೈತಿ ನೋಡ್ರಿ, ಮೈತುಂಬ ಹಚ್ಚಿಬಿಡ್ರಿ, ವಾರದಾಗ ಕೂದಲಾ ಬರತಾವ" ಎಂದು ತೀರ್ಪನ್ನೇ ಕೊಟ್ಟುಬಿಡುತ್ತಾರೆ. ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕಿ ಹೊಟ್ಟೆಗಿಳಿಸುವ ಪ್ರಾಣಿಗೆ ಯಂತ್ರದ ಕರಿ ಎಣ್ಣೆ ಹಚ್ಚುವುದೆಂದರೆ ವಿಷವನ್ನು ತಟ್ಟೆಯಲ್ಲಿಟ್ಟು ಬಡಿಸಿದ ಹಾಗೆ ಎಂಬುದು ಕಾಕಾ ಅವರ ಗಮನಕ್ಕೆ ಬಂದಂತಿಲ್ಲ.

ತೊಡಕಿರುವುದು ಚರ್ಮದಲ್ಲೇ. ಕೂದಲು ಉದುರುವುದು, ಮೈ ಕೆಂಪಾಗುವುದು, ಹಕ್ಕಳೆ ಕಟ್ಟುವುದು ಎಲ್ಲ ರೋಗಗಳಿಗೂ ಹೆಚ್ಚುಕಡಿಮೆ ಒಂದೇ. ಅದರಲ್ಲಿ ಅರ್ಧದಷ್ಟು ಗಾಯವನ್ನು ರೋಗವಲ್ಲ, ನಾಯಿಯೇ ತನ್ನ ಉಗುರು ಹಲ್ಲುಗಳಿಂದ ಮಾಡಿಕೊಂಡಿರುತ್ತದೆ. ಆದ್ದರಿಂದ ಅನುಭವವುಳ್ಳ ಪಶುವೈದ್ಯರು ಗಾಯ ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಎಲ್ಲಿದೆ ಎಂಬುದನ್ನು ನೋಡುತ್ತಾರೆ. ಬೆನ್ನಿನ ಹಿಂಭಾಗ, ಬಾಲದ ಬುಡ ಬೋಳಾಗಿದ್ದರೆ ಅವರ ಅನುಮಾನ ಮೊದಲು ಚಿಗಟದ ಮೇಲೆ. ಕಿವಿಯ ಅಂಚು, ಮೊಣಕೈಗಳಲ್ಲಿ ಹಕ್ಕಳೆಯಿದ್ದರೆ ಕಜ್ಜಿಯ ನುಸಿಯ ಮೇಲೆ. ಆಗ ಅವರು ಕಿವಿಯ ಅಂಚನ್ನು ಮಡಿಚಿ ಬೆರಳುಗಳ ನಡುವೆ ತಿಕ್ಕುತ್ತಾರೆ, ಕಜ್ಜಿಯಾದ ನಾಯಿಯ ಹಿಂಗಾಲು ಸಾಮಾನ್ಯವಾಗಿ ತಾನಾಗಿಯೇ ಗಾಳಿಯಲ್ಲಿ ಕೆರೆಯತೊಡಗುತ್ತದೆ. ಪಾದ, ಕಂಕುಳು, ಮುಖಗಳನ್ನು ಬಿಡದೆ ನೆಕ್ಕುತ್ತ, ಉಜ್ಜುತ್ತ ಇದ್ದರೆ ಅಲರ್ಜಿಯ ಕಡೆಗೆ ಲಕ್ಷ್ಯ ಹೋಗುತ್ತದೆ. ತುರಿಕೆಯೇ ಇಲ್ಲದೆ ಎರಡೂ ಪಕ್ಕೆಗಳ ಕೂದಲು ಸಮಸಮನಾಗಿ ತೆಳುವಾಗಿದ್ದರೆ ರೋಗ ಚರ್ಮದ್ದೇ ಅಲ್ಲದಿರಬಹುದು. ಥೈರಾಯ್ಡ್ ಗ್ರಂಥಿಯ ರಕ್ತಪರೀಕ್ಷೆ ಬೇಕಾಗುತ್ತದೆ.

ಇಷ್ಟಾದ ಮೇಲೆ ಸಾಕ್ಷಿಯ ವಿಚಾರಣೆ, ಅಂದರೆ ಮನೆಯವರದು. ನನಗೆ ದನದ ದವಾಖಾನೆಯಲ್ಲಿ ಅತ್ಯಂತ ರುಚಿಸುವ ಭಾಗವಿದು. "ಚಿಗಟ ಏನಾರ ಆಗ್ಯಾವೇನ್ರಿ?" ಎಂದು ವೈದ್ಯರು ಕೇಳಿದ್ದೇ ತಡ, ನಾಯಿ ಹಿಡಿದುಕೊಂಡು ಬಂದವರ ಮುಖ ಬಿಗಿಯುತ್ತದೆ. "ನಮ್ಮನ್ಯಾಗ? ಛೇ, ದಿನಾ ಫಿನಾಯಿಲ್ ಹಾಕಿ ನೆಲಾ ಒರಸತೀವ್ರಿ!" ವೈದ್ಯರು ವಾದಿಸುವುದಿಲ್ಲ. ಸಣ್ಣ ಹಲ್ಲಿನ ಹಣಿಗೆಯಿಂದ ನಾಯಿಯ ಬೆನ್ನು ಬಾಚಿ, ಉದುರಿದ ಕರಿಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಕೊಡಹುತ್ತಾರೆ. ಮಣ್ಣಾಗಿದ್ದರೆ ಅದು ಕರ‍್ರಗೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾಗಿದ್ದರೆ ಒಂದೊಂದು ಕಣದ ಸುತ್ತಲೂ ಕೆಂಗಂದು ಬಣ್ಣ ಮೆಲ್ಲಗೆ ಹರಡುತ್ತದೆ, ಏಕೆಂದರೆ ಅದು ಚಿಗಟ ಕುಡಿದು ಜೀರ್ಣಿಸಿಕೊಂಡ ನಾಯಿಯ ರಕ್ತವೇ. ಚಿಗಟದ ಜೊಲ್ಲಿಗೆ ಅಲರ್ಜಿಯಿರುವ ನಾಯಿಗೆ ಕೆಲವೇ ಕಡಿತ ಸಾಕು. ಮೈಮೇಲೆ ಒಂದು ಚಿಗಟವೂ ಸಿಗದಿದ್ದರೂ ರೋಗ ಸುಳ್ಳಾಗುವುದಿಲ್ಲ. ಇನ್ನು "ಮನ್ಯಾಗ ಯಾರಿಗಾರ ತುರಿಕಿ ಐತೇನ್ರಿ?" ಎಂಬ ಪ್ರಶ್ನೆಗೆ ಯಜಮಾನರು ಇಲ್ಲವೆಂದು ತಲೆಯಾಡಿಸುತ್ತಲೇ ಮುಂಗೈ ಕೆರೆದುಕೊಳ್ಳುವುದುಂಟು. ನಾಯಿಯ ಕಜ್ಜಿನುಸಿ ಮನುಷ್ಯರ ಮೈಯಲ್ಲಿ ಬಹುಕಾಲ ಬಾಳುವುದಿಲ್ಲವಾದರೂ ಅಷ್ಟು ದಿನ ಚೆನ್ನಾಗಿಯೇ ಕಡಿಯುತ್ತದೆ.

ನುಸಿಯನ್ನು ಕಣ್ಣಾರೆ ನೋಡಬೇಕೆಂದರೆ ಬ್ಲೇಡಿಗೆ ಎಣ್ಣೆಯ ಹನಿ ಸವರಿ, ತುಸು ರಕ್ತ ಜಿನುಗುವವರೆಗೆ ಚರ್ಮವನ್ನು ಹೆರೆದು, ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ಹುಡುಕಬೇಕು. ಇಂಜೆಕ್ಷನ್ ಒಂದನ್ನೇ ನಿರೀಕ್ಷಿಸಿ ಬಂದ ಮನೆಯವರಿಗೆ ಇದು ಹಿಂಸೆಯಂತೆ ಕಾಣುವುದು ಸಹಜ. ಕೂದಲಿನ ಬುಡದಲ್ಲಿ ವಾಸಿಸುವ ಡೆಮೊಡೆಕ್ಸ್ ಎಂಬ ನೀಳ ದೇಹದ ನುಸಿ ಹೀಗೆ ಹೆರೆದಾಗ ಸುಲಭವಾಗಿ ಸಿಗುತ್ತದೆ; ಹುಟ್ಟಿದ ಮೊದಲ ಕೆಲವು ದಿನಗಳಲ್ಲೇ ತಾಯಿಯಿಂದ ಮರಿಗೆ ಬರುವ ಈ ಜೀವಿ ಆರೋಗ್ಯವಂತ ನಾಯಿಗಳಲ್ಲೂ ಅಷ್ಟಿಷ್ಟು ಇರುತ್ತದೆ, ಮೈಯ ಪ್ರತಿರೋಧ ಕುಗ್ಗಿದಾಗ ಮಾತ್ರ ಹೆಚ್ಚಿ ಹಾವಳಿ ಮಾಡುತ್ತದೆ. ಕಜ್ಜಿ ತರುವ ಸಾರ್ಕಾಪ್ಟಿಸ್ ಎಂಬ ನುಸಿ ಹಾಗಲ್ಲ. ಎಷ್ಟೋ ಸಲ ಹತ್ತು ಕಡೆ ಹೆರೆದರೂ ಅದು ತಪ್ಪಿಸಿಕೊಳ್ಳುತ್ತದೆ, ಆಗ ಔಷಧ ಕೊಟ್ಟು ಗುಣವಾಗುವುದೋ ನೋಡುವುದೇ ಪರೀಕ್ಷೆಯಾಗುತ್ತದೆ.

ಬೆಕ್ಕಿನ ವಿಷಯ ಇನ್ನೂ ಗುಟ್ಟಿನದು. ಅದು ಯಾರೂ ಇಲ್ಲದಾಗ ಹೊಟ್ಟೆಯ ಕೂದಲನ್ನೆಲ್ಲ ನೆಕ್ಕಿ ಕಿತ್ತಿರುತ್ತದೆ, ಮನೆಯವರು "ಕೆರಕೊಂಡಿದ್ದು ನೋಡೇ ಇಲ್ರಿ" ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಹುಳುಕಡ್ಡಿಯ ಬೂಷ್ಟು ಕೆಲವು ಬೆಕ್ಕುಗಳಲ್ಲಿ ಒಂದು ಗುರುತನ್ನೂ ತೋರಿಸದೆ ಮಕ್ಕಳಿಗೆ ಅಂಟುತ್ತದೆ. ಕತ್ತಲಲ್ಲಿ ವುಡ್ಸ್ ದೀಪದ ನೇರಳಾತೀತ ಬೆಳಕು ಹಿಡಿದರೆ ಈ ಬೂಷ್ಟಿನ ಮೈಕ್ರೊಸ್ಪೋರಮ್ ಕ್ಯಾನಿಸ್ ಎಂಬ ಜಾತಿ ತಗುಲಿದ ಕೂದಲು ಹಸಿರಾಗಿ ಹೊಳೆಯಬಹುದು, ಹೊಳೆಯದೆಯೂ ಇರಬಹುದು. ಆದರೆ ಮನೆಯಲ್ಲಿ ಹಚ್ಚಿಕೊಂಡು ಬಂದ ಕೆಲವು ಮುಲಾಮುಗಳೂ ಹೊಳೆದು ದಾರಿ ತಪ್ಪಿಸುತ್ತವೆ. ದವಾಖಾನೆಗೆ ಹೊರಡುವ ಮುನ್ನ ಏನನ್ನೂ ಹಚ್ಚಬಾರದೆಂಬುದಕ್ಕೆ ಇದೂ ಒಂದು ಕಾರಣ. ನಾಯಿಗೆ ತಂದ, ಚಿಗಟ ಕೊಲ್ಲುವ ಪರ್ಮೆಥ್ರಿನ್ ಎಂಬ ಔಷಧವನ್ನು ಉಳಿಯಿತೆಂದು ಬೆಕ್ಕಿಗೆ ಹಚ್ಚಿದರಂತೂ ಜೀವಕ್ಕೇ ಸಂಚಕಾರ.

ಚಿಗಟ, ನುಸಿ, ಬೂಷ್ಟು ಯಾವುದೂ ಅಲ್ಲವೆಂದು ಖಾತ್ರಿಯಾದ ಮೇಲೆ ಉಳಿಯುವುದು ಆಹಾರದ ಅಲರ್ಜಿಯ ಪರೀಕ್ಷೆ. ಇದಕ್ಕೆ ದೀಪವೂ ಬೇಡ, ಬ್ಲೇಡೂ ಬೇಡ. ನಾಯಿ ಹಿಂದೆಂದೂ ತಿನ್ನದ ಒಂದು ಆಹಾರವನ್ನಷ್ಟೇ ಸುಮಾರು 8 ವಾರ ಕೊಟ್ಟು, ಆಮೇಲೆ ಹಳೆಯ ಊಟಕ್ಕೆ ಮರಳಿದಾಗ ತುರಿಕೆಯೂ ಮರಳುವುದೋ ನೋಡಬೇಕು. ಕೇಳಲು ಇಷ್ಟು ಸರಳವಾದ ಪರೀಕ್ಷೆ ನಮ್ಮ ಕಡೆ ದಡ ಮುಟ್ಟುವುದು ಅಪರೂಪ. ಹಾಲಿನ ಪದಾರ್ಥಗಳು ನಾಯಿಗಳ ಆಹಾರ ಅಲರ್ಜಿಗೆ ಕಾರಣವಾಗುವವುಗಳಲ್ಲಿ ಮುಖ್ಯವಾದವು. ಧಾರವಾಡದ ಮನೆಯಲ್ಲಿ ಫೇಡೆಯ ಡಬ್ಬಿ ತೆರೆದಾಗ ಬಾಗಿಲ ಬಳಿ ಕುಳಿತು ನೋಡುವ ನಾಯಿಗೆ ಒಂದು ಚೂರು ಹಾಕದಿರುವ ಅಜ್ಜಿ ಇನ್ನೂ ಹುಟ್ಟಿಲ್ಲ. "ಪಾಪ, ಬಾಯಿ ಬಿಟಗೊಂಡು ಕುಂತಿತ್ತು" ಎಂಬ ಸಮಜಾಯಿಷಿ ಕೇಳಿದ ವೈದ್ಯರು ಚೀಟಿಯಲ್ಲಿದ್ದ ಹಳೆಯ ತಾರೀಖನ್ನು ಹೊಡೆದುಹಾಕಿ, ಮೊದಲನೆಯ ವಾರದಿಂದ ಮತ್ತೆ ಬರೆಯುತ್ತಾರೆ, ಈ ಸಲ ಚೀಟಿಯನ್ನು ಅಜ್ಜಿಯ ಕೈಗೇ ಕೊಡುತ್ತಾರೆ.