770 ಪಂದ್ಯ, ಒಂದೇ ಕ್ಲಬ್ಬು: ಜಾನ್ ಟ್ರಾಲಪ್

ಕಾಲೇಜು ತಂಡದಲ್ಲಿ ಮೂರು ವರ್ಷ ಲೆಫ್ಟ್ ಬ್ಯಾಕ್, ಅಂದರೆ ಎಡ ಅಂಚಿನ ಡಿಫೆಂಡರ್ ಆಗಿ ಆಡಿದವನಾದ್ದರಿಂದ ನನಗೆ ಫುಟ್‌ಬಾಲಿನಲ್ಲಿ ಗೋಲು ಹೊಡೆದವರಿಗಿಂತ ಗೋಲು ತಡೆದವರ ಮೇಲೆ ಪ್ರೀತಿ ಹೆಚ್ಚು. ಅಂಥವರಲ್ಲಿ ನಾನು ಎಲ್ಲರಿಗಿಂತ ಮೇಲೆ ಇಡುವ ಹೆಸರು ಜಾನ್ ಟ್ರಾಲಪ್. ಇಂಗ್ಲೆಂಡಿನ ಸ್ವಿಂಡನ್ ಟೌನ್ ಪರವಾಗಿ 1960ರಿಂದ 1980ರವರೆಗೆ ಅವರು ಆಡಿದ್ದು 770 ಲೀಗ್ ಪಂದ್ಯ. ಇಂಗ್ಲಿಷ್ ಲೀಗಿನಲ್ಲಿ ಒಂದೇ ಕ್ಲಬ್ಬಿಗೆ ಇಷ್ಟು ಪಂದ್ಯ ಆಡಿದವರು 2023ರವರೆಗೆ ಮತ್ತೊಬ್ಬರಿರಲಿಲ್ಲ. ಆ 770ರಲ್ಲಿ ಒಂದೇ ಒಂದು ಪಂದ್ಯವೂ ಆಗಿನ ಅತಿ ಮೇಲಿನ ಮಟ್ಟವಾದ ಮೊದಲ ಡಿವಿಷನ್ನಿನದಲ್ಲ; ಎಲ್ಲವೂ ಎರಡನೆಯ, ಮೂರನೆಯ ಡಿವಿಷನ್ನಿನವು. ಅವರ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದಿರುವುದಕ್ಕೆ ಇದೇ ಕಾರಣ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಇಂಥ ಆಟಗಾರರ ಬಗ್ಗೆ ಬರೆಯುವವರು ಸಾಮಾನ್ಯವಾಗಿ 'ನಿಷ್ಠೆ' ಎಂಬ ಒಂದು ಮಾತಿನಲ್ಲಿ ಎಲ್ಲವನ್ನೂ ಮುಗಿಸಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಟ್ರಾಲಪ್ 17ನೆಯ ವಯಸ್ಸಿನಲ್ಲಿ ಕಣಕ್ಕಿಳಿದಾಗ ಇಂಗ್ಲೆಂಡಿನಲ್ಲಿ ಆಟಗಾರನ ಸಂಬಳಕ್ಕೆ ವಾರಕ್ಕೆ 20 ಪೌಂಡಿನ ಮಿತಿಯಿತ್ತು. ಒಪ್ಪಂದದ ಅವಧಿ ಮುಗಿದ ಮೇಲೂ ಕ್ಲಬ್ಬು ಬಿಡದೆ ಅವನು ಬೇರೆಡೆಗೆ ಹೋಗುವಂತಿರಲಿಲ್ಲ. ಸಂಬಳದ ಮಿತಿ ರದ್ದಾದದ್ದು 1961ರಲ್ಲಿ. ಆಟಗಾರನನ್ನು ಹಿಡಿದಿಟ್ಟುಕೊಳ್ಳುವ ಪದ್ಧತಿಗೆ ನ್ಯಾಯಾಲಯ ಪೆಟ್ಟು ಕೊಟ್ಟದ್ದು ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರನ ಮೊಕದ್ದಮೆಯಲ್ಲಿ ಬಂದ 1963ರ ತೀರ್ಪಿನಲ್ಲಿ. ಅಲ್ಲಿಂದಾಚೆಗೆ ಬಾಗಿಲು ಸ್ವಲ್ಪ ತೆರೆಯಿತು. ಬರ್ಟ್ ಹೆಡ್ ಎಂಬ ಮ್ಯಾನೇಜರ್ ಧೈರ್ಯಮಾಡಿ ಒಟ್ಟಿಗೆ ಬೆಳೆಸಿದ ಹುಡುಗರ ಪೈಕಿ ಮೈಕ್ ಸಮ್ಮರ್‌ಬಿ ಮ್ಯಾಂಚೆಸ್ಟರ್ ಸಿಟಿಗೆ ಹೋದರು, ಅರ್ನಿ ಹಂಟ್ ವುಲ್ವ್ಸ್‌ಗೆ ಹೋದರು, 1972ರಲ್ಲಿ ಡಾನ್ ರಾಜರ್ಸ್ ಕ್ರಿಸ್ಟಲ್ ಪ್ಯಾಲೆಸ್‌ಗೆ ಹೋದರು. ಟ್ರಾಲಪ್ ಮಾತ್ರ ಉಳಿದರು. ಆದರೆ ಉಳಿಯುತ್ತೇನೆಂದ ಮಾತ್ರಕ್ಕೆ ಯಾರೂ ಇಪ್ಪತ್ತು ವರ್ಷ ಹನ್ನೊಂದರಲ್ಲಿ ಒಬ್ಬನಾಗಿ ಇರಿಸಿಕೊಳ್ಳುವುದಿಲ್ಲ. ಡೇವ್ ಮೆಕೇಯಂಥ ದಿಗ್ಗಜರೂ ಸೇರಿದಂತೆ ಮ್ಯಾನೇಜರುಗಳು ಒಬ್ಬರ ಹಿಂದೆ ಒಬ್ಬರು ಬಂದರು, ಹೋದರು. ಹೊಸಬರು ಬಂದಾಗಲೆಲ್ಲ ಟ್ರಾಲಪ್ ತಮ್ಮ ಜಾಗವನ್ನು ಹೊಸದಾಗಿ ದುಡಿದುಕೊಳ್ಳಬೇಕಿತ್ತು, ದುಡಿದುಕೊಂಡರು. 1961ರಿಂದ 1968ರವರೆಗೆ ಸತತ 368 ಪಂದ್ಯಗಳಲ್ಲಿ ಅವರು ಒಂದನ್ನೂ ತಪ್ಪಿಸಿಕೊಳ್ಳಲಿಲ್ಲ. ಬದಲಿ ಆಟಗಾರನನ್ನು ಇಳಿಸುವ ಅವಕಾಶವೇ ಇಲ್ಲದಿದ್ದ, ಚಳಿಗಾಲದಲ್ಲಿ ಮೈದಾನಗಳು ಕೆಸರುಗದ್ದೆಯಾಗುತ್ತಿದ್ದ ಕಾಲ ಅದು. 1965ರಲ್ಲಷ್ಟೇ ಒಬ್ಬ ಬದಲಿ ಆಟಗಾರನಿಗೆ ಅನುಮತಿ ಸಿಕ್ಕಿತು, ಅದೂ ಮೊದಲಿಗೆ ಗಾಯಗೊಂಡವನ ಜಾಗಕ್ಕೆ ಮಾತ್ರ.

ಡಿಫೆಂಡರನ ಕೆಲಸ ಚೆನ್ನಾಗಿ ನಡೆದಷ್ಟೂ ಕಣ್ಣಿಗೆ ಬೀಳುವುದಿಲ್ಲ. ಎದುರಾಳಿ ವಿಂಗರ್, ಅಂದರೆ ಅಂಚಿನಿಂದ ನುಗ್ಗುವ ಆಟಗಾರ, ಚೆಂಡು ಹಿಡಿದು ನಿಮ್ಮತ್ತ ಬರುತ್ತಿರುವಾಗ ಅವನ ಕಾಲಿನ ಆಟ ನೋಡಿದಿರೋ, ಮೋಸ ಹೋದಿರಿ. ಚೆಂಡಿನ ಮೇಲೇ ಕಣ್ಣಿಟ್ಟು, ಮೈ ಓರೆಮಾಡಿಕೊಂಡು, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ, ಅವನನ್ನು ಗೆರೆಯ ಕಡೆಗೆ ಒತ್ತರಿಸಬೇಕು. ಕೊನೆಗೆ ಅವನು ಬೇಸತ್ತು ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆ ಗಳಿಗೆಯ ತೃಪ್ತಿ ಏನೆಂಬುದು ಆಡಿದವನಿಗಷ್ಟೇ ಗೊತ್ತು.

1969ರ ಮಾರ್ಚ್ 15ರಂದು ವೆಂಬ್ಲಿಯಲ್ಲಿ ನಡೆದ ಲೀಗ್ ಕಪ್ ಫೈನಲ್ಲನ್ನು ಈ ದೃಷ್ಟಿಯಿಂದಲೇ ನೋಡಬೇಕು. ಮೂರನೆಯ ಡಿವಿಷನ್ನಿನ ಸ್ವಿಂಡನ್, ಮೊದಲ ಡಿವಿಷನ್ನಿನ ಆರ್ಸೆನಲ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 3–1ರಿಂದ ಸೋಲಿಸಿತು. ಮಳೆಯಿಂದ ಹದಗೆಟ್ಟಿದ್ದ ಆ ಅಂಕಣದಲ್ಲಿ ಆರ್ಸೆನಲ್ ಹೊತ್ತುಹೊತ್ತಿಗೂ ನುಗ್ಗಿ ಬಂದರೂ ಗೋಲ್‌ಕೀಪರ್ ಪೀಟರ್ ಡೌನ್ಸ್‌ಬರೊ ಮತ್ತು ಅವರ ಮುಂದಿನ ಸಾಲು ಕುಸಿಯಲಿಲ್ಲ. ಆರ್ಸೆನಲ್‌ನ ಬಾಬಿ ಗೌಲ್ಡ್ ಸಮಬಲದ ಗೋಲು ಹೊಡೆಯುವ ಹೊತ್ತಿಗೆ ಆಟ ಮುಗಿಯಲು ಕೆಲವೇ ನಿಮಿಷ ಉಳಿದಿತ್ತು. ಹೆಚ್ಚುವರಿ ಸಮಯದ ಎರಡೂ ಗೋಲು ಡಾನ್ ರಾಜರ್ಸ್ ಅವರದು, ಇವತ್ತಿಗೂ ಆ ಪಂದ್ಯವೆಂದರೆ ಅವರದೇ ಹೆಸರು. ಸ್ವಿಂಡನ್ನಿನ ಕೌಂಟಿ ಗ್ರೌಂಡಿನಲ್ಲಿ ಒಂದು ಸ್ಟ್ಯಾಂಡಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ಅದಕ್ಕೆ ಅವರು ಪೂರ್ತಿ ಅರ್ಹರು. ಆದರೆ ರಾಜರ್ಸ್ ಎಡ ಅಂಚಿನ ವಿಂಗರ್, ಟ್ರಾಲಪ್ ಅದೇ ಅಂಚಿನ ಡಿಫೆಂಡರ್. ಮುಂದಿದ್ದವರು ಹಿಂತಿರುಗಿ ನೋಡದೆ ಓಡಿದ್ದು, ಹಿಂದೆ ಯಾರಿದ್ದಾರೆಂದು ಗೊತ್ತಿದ್ದುದರಿಂದ. ಎಷ್ಟೋ ವರ್ಷ ಆ ಎಡಗಡೆಯನ್ನು ಇಬ್ಬರೂ ಹಾಗೆ ಹಂಚಿಕೊಂಡರು.

ಟ್ರಾಲಪ್ ಮುರಿದ ದಾಖಲೆ ಪೋರ್ಟ್ಸ್‌ಮತ್‌ನ ಜಿಮ್ಮಿ ಡಿಕಿನ್ಸನ್ ಅವರದು, 764 ಪಂದ್ಯ. ಡಿಕಿನ್ಸನ್ ಎರಡು ಸಲ ಲೀಗ್ ಗೆದ್ದ ತಂಡದವರು, ಇಂಗ್ಲೆಂಡ್ ಪರ 48 ಪಂದ್ಯ ಆಡಿದವರು. ಟ್ರಾಲಪ್‌ಗೆ ದೇಶದ ಅಂಗಿ ಒಮ್ಮೆಯೂ ಸಿಗಲಿಲ್ಲ. 37ನೆಯ ವಯಸ್ಸಿನಲ್ಲಿ, 1980ರಲ್ಲಿ, ಆ ದಾಖಲೆಯನ್ನು ದಾಟಿ ಇನ್ನೂ ಐದು ಪಂದ್ಯ ಆಡಿ ಅವರು ನಿಲ್ಲಿಸಿದರು.

ಮರುವರ್ಷ ಅದೇ ಕ್ಲಬ್ಬಿನ ಮ್ಯಾನೇಜರ್ ಆದರು. 1982ರಲ್ಲಿ ಸ್ವಿಂಡನ್ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ನಾಲ್ಕನೆಯ ಡಿವಿಷನ್ನಿಗೆ ಇಳಿಯಿತು, 1983ರಲ್ಲಿ ಅವರ ಕೆಲಸ ಹೋಯಿತು. ಮುಂದೆ ಅದೇ ಕ್ಲಬ್ಬಿಗೆ ಮರಳಿ ಬಂದು ಕಿರಿಯರ ತಂಡಕ್ಕೆ ಆಟ ಹೇಳಿಕೊಟ್ಟರು.